ಒಂದು ಚೀಲ, ಎರಡು ಪುಸ್ತಕ: ಮೈಸೂರಿನ ಬಾಡಿಗೆ ಗ್ರಂಥಾಲಯವೊಂದರಲ್ಲಿ ಆರು ತಿಂಗಳು

ಮೈಸೂರಿನ ಸರಸ್ವತಿಪುರಂನ ಅಡ್ಡರಸ್ತೆಯೊಂದರಲ್ಲಿ, ಹಳೆಯ ಹೆಂಚಿನ ಮನೆಯ ಮುಂಭಾಗದ ಎರಡು ಕೋಣೆಗಳಲ್ಲಿ, ಒಂದು ಬಾಡಿಗೆ ಗ್ರಂಥಾಲಯ ನಡೆಯುತ್ತಿದೆ. ದೊಡ್ಡ ನಾಮಫಲಕವೇನೂ ಇಲ್ಲ. ಗೇಟಿನ ಪಕ್ಕದ ಕರಿಹಲಗೆಯ ಮೇಲೆ ಆ ವಾರ ಬಂದ ಪುಸ್ತಕಗಳ ಹೆಸರನ್ನು ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ಪತ್ತೇದಾರಿ ಕಾದಂಬರಿ, ಮಕ್ಕಳ ಪುಸ್ತಕ, ಹಳೆಯ ಮಾಸಪತ್ರಿಕೆಗಳ ಬೈಂಡು, ಎಲ್ಲವೂ ಅಲ್ಲಿ ಸಿಗುತ್ತವೆ. ಆದರೆ ಮಂಡ್ಯದಲ್ಲಿ ಕನ್ನಡ ಪಾಠ ಹೇಳುವ ನಾನು ತಿಂಗಳಿಗೊಂದು ಶನಿವಾರ ರೈಲು ಹತ್ತಿ ಅಲ್ಲಿಗೆ ಹೋಗುವುದು ಅವರ ಜೋಡಿ ಚೀಲಕ್ಕಾಗಿ. 1,000 ರೂಪಾಯಿ ಠೇವಣಿ, ತಿಂಗಳಿಗೆ 250 ರೂಪಾಯಿ ಬಾಡಿಗೆ. ಅದಕ್ಕೆ ಪ್ರತಿಯಾಗಿ ಒಂದು ಖಾದಿ ಚೀಲ, ಅದರೊಳಗೆ ಎರಡು ಪುಸ್ತಕ. ಒಂದು ಪುರಾಣದ್ದೋ ಇತಿಹಾಸಕಾವ್ಯದ್ದೋ ಭಾಗ, ಇನ್ನೊಂದು ಮುಂದೆ ಬರಬಹುದಾದ ಕೇಡಿನ ಲೋಕವನ್ನು ಕಲ್ಪಿಸುವ ವೈಜ್ಞಾನಿಕ ಕಥನ, ಅಂದರೆ ಡಿಸ್ಟೋಪಿಯ. ಜೊತೆಗೆ ಅಂಗೈಯಗಲದ ಒಂದು ಟಿಪ್ಪಣಿ ಕಾರ್ಡು ಮತ್ತು, ಎರಡನೆಯ ಪುಸ್ತಕ ಇಂಗ್ಲಿಷಿನಲ್ಲಿದ್ದರೆ, ನಾಲ್ಕು ಪುಟದ ಕನ್ನಡ ಸಾರಾಂಶ. ಎರಡನ್ನೂ ಓದಿ ಮುಗಿಸುವ ತನಕ ಕಾರ್ಡನ್ನು ನೋಡಬೇಡಿ ಎಂದು ಅವರು ಕೇಳಿಕೊಳ್ಳುತ್ತಾರೆ. ನಾನು ಈವರೆಗೆ ಆರು ಚೀಲ ತಂದಿದ್ದೇನೆ. ಹೇಳಲೇಬೇಕಾದಷ್ಟು ಮಾತು ಇರುವುದು ಮೂರು ನಾಲ್ಕರ ಬಗ್ಗೆ.

ಮೊದಲ ಚೀಲದಲ್ಲಿದ್ದದ್ದು ವ್ಯಾಸಭಾರತದ ಆದಿಪರ್ವದ ಬಕವಧೆಯ ಭಾಗ, ಮೂಲ ಶ್ಲೋಕ ಮತ್ತು ಕನ್ನಡ ಅನುವಾದ ಎರಡೂ ಇರುವ ಸಂಪುಟ; ಮತ್ತು ಸುಝಾನ್ ಕಾಲಿನ್ಸ್ ಅವರ 2008ರ ಕಾದಂಬರಿ ‘ದಿ ಹಂಗರ್ ಗೇಮ್ಸ್’. ಬಕಾಸುರನ ಕಥೆಯನ್ನು ನಾವೆಲ್ಲ ಮಕ್ಕಳಾಗಿದ್ದಾಗಲೇ ಕೇಳಿದವರು. ಬಂಡಿ ತುಂಬ ಅನ್ನ, ಭೀಮನ ಹೊಟ್ಟೆ, ಬೆನ್ನಿಗೆ ಬೀಳುತ್ತಿದ್ದ ಗುದ್ದು, ಕೊನೆಗೆ ಮುರಿದು ಬಿದ್ದ ರಾಕ್ಷಸ: ನಮ್ಮ ನೆನಪಿನಲ್ಲಿ ಇದು ನಗುವಿನ ಕಥೆಯಾಗಿ ಉಳಿದಿದೆ. ಈ ಚೀಲ ನನ್ನನ್ನು ಮತ್ತೆ ಮೂಲಕ್ಕೆ ಕರೆದೊಯ್ದಾಗ, ಭೀಮ ಬರುವುದಕ್ಕೆ ಮುಂಚಿನ ಪುಟಗಳಲ್ಲಿ ಎಷ್ಟು ಕಟ್ಟುನಿಟ್ಟಾದ ಆಡಳಿತ ವ್ಯವಸ್ಥೆಯೊಂದು ವರ್ಣಿತವಾಗಿದೆ ಎಂಬುದು ಕಣ್ಣಿಗೆ ಬಿತ್ತು. ಏಕಚಕ್ರದ ಬ್ರಾಹ್ಮಣ ಕುಂತಿಗೆ ಹೇಳುವ ಮಾತನ್ನು ನಿಧಾನವಾಗಿ ಓದಬೇಕು. ಬಕ ಆ ನಗರವನ್ನೂ ನಾಡನ್ನೂ ಕಾಯುತ್ತಾನೆ. ಅವನಿರುವುದರಿಂದ ಪರರಾಜರ ಸೈನ್ಯದ ಭಯವಿಲ್ಲ, ಭೂತಗಳ ಭಯವಿಲ್ಲ. ಇದಕ್ಕಾಗಿ ಅವನಿಗೆ ಸಲ್ಲಬೇಕಾದದ್ದು ಒಂದು ಬಂಡಿ ಅಕ್ಕಿಯ ಅನ್ನ, ಎರಡು ಕೋಣ, ಮತ್ತು ಅದನ್ನು ಹೊಡೆದುಕೊಂಡು ಹೋಗುವ ಒಬ್ಬ ಮನುಷ್ಯ. ಮೂಲದಲ್ಲಿ ಇದಕ್ಕೆ ಬಳಸಿರುವ ಪದ ‘ವೇತನ’. ನನಗಿಂತ ಮೊದಲು ಆ ಪುಸ್ತಕ ಓದಿದ ಯಾರೋ ಆ ಒಂದು ಪದದ ಸುತ್ತ ಪೆನ್ಸಿಲಿನಲ್ಲಿ ವೃತ್ತ ಹಾಕಿದ್ದರು, ಅಂಚಿನಲ್ಲಿ ಏನನ್ನೂ ಬರೆದಿರಲಿಲ್ಲ. ಬರೆಯಬೇಕಾದ ಅಗತ್ಯವೂ ಇರಲಿಲ್ಲ.

ಮುಂದಿನ ವಿವರಗಳು ಇನ್ನೂ ಕಠಿಣವಾಗಿವೆ. ಸರದಿ ಮನೆಯಿಂದ ಮನೆಗೆ ಹೋಗುತ್ತದೆ. ಒಂದು ಮನೆಗೆ ಮತ್ತೆ ಬರಲು ಎಷ್ಟೋ ವರ್ಷ ಹಿಡಿಯುವುದರಿಂದ, ಇವತ್ತು ತನ್ನ ಸರದಿಯಲ್ಲದವನು ನೆಮ್ಮದಿಯಿಂದ ನಿದ್ದೆ ಮಾಡಬಹುದು. ತಪ್ಪಿಸಿಕೊಳ್ಳಲು ನೋಡಿದವರನ್ನು ಹೆಂಡತಿ ಮಕ್ಕಳೊಡನೆ ಕೊಂದು ತಿನ್ನುವುದು ರೂಢಿ. ಹೆಸರಿಗೊಬ್ಬ ರಾಜನಿದ್ದಾನೆ, ಅವನಿಗೆ ಪ್ರಜೆಗಳನ್ನು ಕಾಯುವ ಯೋಗ್ಯತೆಯಿಲ್ಲ. ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಬ್ರಾಹ್ಮಣ ಆಡುವ ಇನ್ನೊಂದು ಮಾತು: ಮನುಷ್ಯನೊಬ್ಬನನ್ನು ಕೊಂಡು ಕಳಿಸೋಣವೆಂದರೆ ನನ್ನಲ್ಲಿ ಹಣವಿಲ್ಲ. ಹಾಗಾದರೆ ಏಕಚಕ್ರದಲ್ಲಿ ಹಣವಿದ್ದವರ ಮನೆಯ ಸರದಿ ಬಂದಾಗ ಬಂಡಿ ಹತ್ತಿದವರು ಯಾರು? ಕಥೆ ಅದನ್ನು ಹೇಳುವುದಿಲ್ಲ, ಆದರೆ ಆ ಒಂದು ವಾಕ್ಯದಿಂದ ಇಡೀ ಊರಿನ ಲೆಕ್ಕಾಚಾರ ಬಯಲಾಗುತ್ತದೆ. ಅದೇ ಭಾಗದಲ್ಲಿ, ತಂದೆ ತಾಯಿ ಅಕ್ಕ ಮೂವರೂ ನಾನು ಸಾಯುತ್ತೇನೆ ನಾನು ಸಾಯುತ್ತೇನೆ ಎಂದು ಅಳುತ್ತಿರುವಾಗ, ಇನ್ನೂ ಮಾತು ಸ್ಪಷ್ಟವಾಗದ ಎಳೆಯ ಮಗ ಒಂದು ಹುಲ್ಲುಕಡ್ಡಿಯನ್ನು ಎತ್ತಿಕೊಂಡು, ಇದರಿಂದ ಆ ರಾಕ್ಷಸನನ್ನು ಕೊಲ್ಲುತ್ತೇನೆ ಎನ್ನುತ್ತಾನೆ. ಅಷ್ಟು ದುಃಖದ ನಡುವೆಯೂ ಮನೆಯವರಿಗೆ ಸಂತೋಷವಾಗುತ್ತದೆ. ಆ ಊರಿನಲ್ಲಿ ರಾಕ್ಷಸನನ್ನು ಕೊಲ್ಲುವ ಮಾತು ಹುಟ್ಟಿದ್ದು ವ್ಯವಸ್ಥೆಯ ಲೆಕ್ಕ ಇನ್ನೂ ತಲೆಗೆ ಹತ್ತದ ಮಗುವಿನ ಬಾಯಲ್ಲಿ.

ಇಷ್ಟನ್ನು ಓದಿಕೊಂಡು ಕಾಲಿನ್ಸ್ ಅವರ ಕಾದಂಬರಿಗೆ ಹೋದರೆ ಅದು ಪರದೇಶದ ಕಥೆ ಎನ್ನಿಸುವುದೇ ಇಲ್ಲ. 12 ಜಿಲ್ಲೆಗಳು, ಪ್ರತಿ ಜಿಲ್ಲೆಯಿಂದ ಒಬ್ಬ ಹುಡುಗ ಒಬ್ಬ ಹುಡುಗಿ, 12ರಿಂದ 18 ವರ್ಷದೊಳಗಿನ 24 ಮಕ್ಕಳು ರಾಜಧಾನಿಯ ಅಖಾಡಕ್ಕೆ ಹೋಗಿ ಒಬ್ಬರನ್ನೊಬ್ಬರು ಕೊಲ್ಲಬೇಕು. ಲೇಖಕಿಯೇ ಹೇಳಿಕೊಂಡಿರುವಂತೆ ಇದರ ಬೇರು ಗ್ರೀಕರ ಥೀಸಿಯಸ್ ಕಥೆಯಲ್ಲಿದೆ: ಸೋತ ಅಥೆನ್ಸ್ ನಗರ ಕ್ರೀಟ್ ದ್ವೀಪದ ರಾಜನಿಗೆ ಏಳು ಹುಡುಗರನ್ನೂ ಏಳು ಹುಡುಗಿಯರನ್ನೂ ಕಪ್ಪವಾಗಿ ಕಳಿಸುತ್ತಿತ್ತು, ಗೂಳಿಯ ತಲೆಯ ಮಿನೋಟಾರನಿಗೆ ಆಹಾರವಾಗಲು. ಆದರೆ ಕಾದಂಬರಿಯಲ್ಲಿ ಗ್ರೀಕ್ ಕಥೆಗಿಂತ ಏಕಚಕ್ರಕ್ಕೆ ಹೆಚ್ಚು ಹತ್ತಿರವಾದ ಒಂದು ಅಂಶವಿದೆ. ಬಡವರ ಮನೆಯ ಮಕ್ಕಳು ವರ್ಷದ ಕಾಳು ಎಣ್ಣೆಯ ಪಡಿಗಾಗಿ ತಮ್ಮ ಹೆಸರಿನ ಚೀಟಿಗಳನ್ನು ಹೆಚ್ಚು ಸಲ ಬುಟ್ಟಿಗೆ ಹಾಕಿಸಬಹುದು. ಚೀಟಿ ಎತ್ತುವ ಕೈಗೆ ಪಕ್ಷಪಾತವಿಲ್ಲ, ಹಸಿವಿಗೆ ಇದೆ. ಮನುಷ್ಯನನ್ನು ಕೊಳ್ಳಲು ಹಣವಿಲ್ಲದ ಬ್ರಾಹ್ಮಣನ ಮಾತಿನ ಮಗ್ಗುಲಿಗೆ ಇದನ್ನಿಟ್ಟ ಕೈ ಯಾರದೋ, ಅವರು ಎರಡೂ ಪುಸ್ತಕಗಳನ್ನು ಮನಸ್ಸಿಟ್ಟು ಓದಿದವರು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಸಾರಾಂಶದ ಕನ್ನಡದ ಬಗ್ಗೆ ಇಲ್ಲಿಯೇ ಒಂದು ಮಾತು. ಅಖಾಡಕ್ಕೆ ಹೋಗುವ ಮಕ್ಕಳನ್ನು ಕರೆಯುವ ‘ಟ್ರಿಬ್ಯೂಟ್’ ಎಂಬ ಪದಕ್ಕೆ ಅವರು ‘ಕಾಣಿಕೆ’ ಎಂದು ಬರೆದಿದ್ದಾರೆ. ಕಾಣಿಕೆಯನ್ನು ಭಕ್ತಿಯಿಂದ ಕೊಡುತ್ತೇವೆ, ಇದು ಕಪ್ಪ. ಅದೇ ಹಾಳೆಯಲ್ಲಿ ಚೀಟಿ ಎತ್ತುವ ದಿನದ ಹೆಸರಿಗೆ ‘ಕೊಯ್ಲು’ ಎಂದು ಬರೆದಿರುವುದು ಮಾತ್ರ ನೂರಕ್ಕೆ ನೂರು ಸರಿಯಾಗಿದೆ. ಮಂಡ್ಯದವನಾದ ನನಗೆ ಕೊಯ್ಲು ಎಂದರೆ ಗದ್ದೆಯಲ್ಲಿ ಬಗ್ಗಿದ ಬೆನ್ನುಗಳ ಸಾಲು, ಕಣದಲ್ಲಿ ಅಳೆಯುವ ಕೊಳಗದ ಸದ್ದು. ಆ ಪದವನ್ನು ಮಕ್ಕಳ ಹೆಸರಿನ ಪಕ್ಕದಲ್ಲಿ ಓದಿದಾಗ ಮೈ ನಡುಗಿತು.

ಎರಡನೆಯ ಚೀಲದಲ್ಲಿ ಸಮುದ್ರಮಥನದ ಕಥೆಯೊಡನೆ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ‘ಆರ್.ಯು.ಆರ್.’ ನಾಟಕವನ್ನು ಇಟ್ಟಿದ್ದರು. ರೋಬೋಟ್ ಎಂಬ ಪದವನ್ನು ಜಗತ್ತಿಗೆ ಕೊಟ್ಟದ್ದು ಈ ನಾಟಕ; ಚೆಕ್ ಭಾಷೆಯ ‘ರೊಬೊಟಾ’ ಎಂದರೆ ಒಡೆಯನಿಗೆ ಕೂಲಿಯಿಲ್ಲದೆ ಮಾಡಿಕೊಡಬೇಕಾದ ದುಡಿಮೆ, ನಮ್ಮ ಮಾತಿನಲ್ಲಿ ಬಿಟ್ಟಿ ಬೇಗಾರಿ. ದುಡಿದವರಿಗೆ ಅಮೃತ ಸಿಗದ ಕಥೆಯೊಡನೆ ಇದನ್ನು ಜೋಡಿಸಿದ್ದು ಜಾಣತನವೇ ಸರಿ, ಆದರೆ ನಾಟಕದ ಕೊನೆಯಲ್ಲಿ ಇಬ್ಬರು ರೋಬೋಟುಗಳನ್ನು ಆದಮ್ ಮತ್ತು ಈವ್ ಎಂದು ಕರೆದು ಹೊಸ ಸೃಷ್ಟಿಯನ್ನು ಆರಂಭಿಸುವ ಭಾಗಕ್ಕೆ ಮಥನದ ಕಥೆಯಲ್ಲಿ ಉತ್ತರವಿಲ್ಲ. ಈ ಜೋಡಿ ಅರ್ಧ ದಾರಿಯಲ್ಲೇ ಕೈ ಬಿಡುತ್ತದೆ.

ಮೂರನೆಯದು ನನ್ನ ಲೆಕ್ಕದಲ್ಲಿ ಅವರ ಅತ್ಯುತ್ತಮ ಆಯ್ಕೆ, ಅದರಲ್ಲೇ ಅವರ ದೊಡ್ಡ ತಪ್ಪೂ ನಡೆದಿದೆ. ಕುವೆಂಪು ಅವರ 1944ರ ನಾಟಕ ‘ಶೂದ್ರ ತಪಸ್ವಿ’ ಮತ್ತು ಮಾರ್ಗರೆಟ್ ಆಟ್‌ವುಡ್ ಅವರ 1985ರ ಕಾದಂಬರಿ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’. ಆಟ್‌ವುಡ್ ಕಲ್ಪಿಸಿದ ಗಿಲಿಯಡ್ ರಾಜ್ಯ ಬೈಬಲ್ಲಿನ ಒಂದು ಹಳೆಯ ಕಥೆಯ ಮೇಲೆ ನಿಂತಿದೆ: ಮಕ್ಕಳಿಲ್ಲದ ರಾಹೇಲಳು ತನ್ನ ದಾಸಿ ಬಿಲ್ಹಾಳನ್ನು ಗಂಡನಿಗೆ ಒಪ್ಪಿಸಿ ಮಗುವನ್ನು ಪಡೆದ ಕಥೆ. ಆ ನಾಲ್ಕು ಸಾಲಿನ ಕಥೆಯನ್ನು ಕಾನೂನಾಗಿ, ವಿಧಿಯಾಗಿ, ಮಲಗುವ ಕೋಣೆಯ ಕ್ರಮವಾಗಿ ಮಾಡಿದರೆ ಹೆಣ್ಣಿನ ಬದುಕು ಏನಾಗುತ್ತದೆ ಎಂಬುದೇ ಕಾದಂಬರಿ. ಅಲ್ಲಿ ಧರ್ಮಗ್ರಂಥ ಪೆಟ್ಟಿಗೆಯೊಳಗೆ ಬೀಗದಲ್ಲಿರುತ್ತದೆ. ಮನೆಯ ಯಜಮಾನ ಬೀಗ ತೆಗೆದು, ಗಟ್ಟಿಯಾಗಿ ಓದಿ, ಮತ್ತೆ ಬೀಗ ಹಾಕುತ್ತಾನೆ. ಹೆಂಗಸರಿಗೆ ಓದುವ ಹಕ್ಕಿಲ್ಲ. ಶಂಬೂಕನ ಕಥೆಯನ್ನು ಬಲ್ಲ ನಾಡಿನಲ್ಲಿ ಈ ಬೀಗವನ್ನು ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಉತ್ತರಕಾಂಡದಲ್ಲಿ ಬ್ರಾಹ್ಮಣನ ಮಗು ಅಕಾಲದಲ್ಲಿ ಸತ್ತದ್ದಕ್ಕೆ ಶೂದ್ರನೊಬ್ಬ ತಪಸ್ಸಿಗೆ ಕುಳಿತದ್ದೇ ಕಾರಣವೆಂದು ಹೇಳಿ, ರಾಮನ ಕೈಯಿಂದ ಅವನ ತಲೆಯನ್ನು ತೆಗೆಸುತ್ತಾರೆ. ಕುವೆಂಪು ಆ ಕಥೆಯ ಬೀಗವನ್ನೇ ಮುರಿದರು. ಅವರ ನಾಟಕದಲ್ಲಿ ರಾಮ ಬಿಟ್ಟ ಅಸ್ತ್ರ ಶಂಬೂಕನನ್ನು ಬಿಟ್ಟು ದೂರು ತಂದ ಬ್ರಾಹ್ಮಣನ ಬೆನ್ನು ಹತ್ತುತ್ತದೆ. ಹಳೆಯ ಕಥೆಯನ್ನು ಹಾಗೆಯೇ ಕಾನೂನು ಮಾಡುವ ರಾಜ್ಯವೊಂದು, ಅದೇ ಜಾತಿಯ ಕಥೆಯನ್ನು ತಿದ್ದಿ ಬರೆಯುವ ಕವಿಯೊಬ್ಬ: ಎರಡನ್ನೂ ಒಂದೇ ಚೀಲದಲ್ಲಿ ಹೊತ್ತು ಮಂಡ್ಯಕ್ಕೆ ಬಂದ ಆ ಸಂಜೆ ನನಗೆ ಇನ್ನೂ ನೆನಪಿದೆ.

ತಪ್ಪು ಏನೆಂದರೆ, ಆಟ್‌ವುಡ್ ಕಾದಂಬರಿಯ ಪ್ರತಿಯಲ್ಲಿ ನಡುವಿನ 16 ಪುಟಗಳೇ ಇರಲಿಲ್ಲ. ಹೊಲಿಗೆ ಬಿಟ್ಟು ಒಂದು ಕಟ್ಟು ಪೂರ್ತಿ ಉದುರಿತ್ತು. ಹಿಂತಿರುಗಿಸುವಾಗ ಹೇಳಿದರೆ, ಮುಂದಿನ ತಿಂಗಳು ನೋಡೋಣ ಎಂದರು. ಎರಡು ತಿಂಗಳ ನಂತರವೂ ಅದೇ ಪ್ರತಿ ಅದೇ ಕಪಾಟಿನಲ್ಲಿತ್ತು. ಬಾಡಿಗೆ ತೆಗೆದುಕೊಳ್ಳುವವರು ಕೊಡುವ ಮುನ್ನ ಪುಟಗಳನ್ನು ಎಣಿಸಬೇಕು. ಓದನ್ನು ಇಷ್ಟು ಪ್ರೀತಿಸುವ ಜನ ಪುಸ್ತಕದ ದೇಹದ ಬಗ್ಗೆ ಇಷ್ಟು ಉದಾಸೀನರಾಗಿರುವುದು ನನಗೆ ನಿಜವಾಗಿ ಬೇಸರ ತಂದಿದೆ.

ನಾಲ್ಕನೆಯ ಚೀಲದಲ್ಲಿ ಅವರೊಡನೆ ನನಗೆ ಗಂಭೀರ ಭಿನ್ನಾಭಿಪ್ರಾಯ ಹುಟ್ಟಿತು. ಭಾಗವತದ ಹನ್ನೆರಡನೆಯ ಸ್ಕಂಧದ ಕಲಿಯುಗವರ್ಣನೆ, ಮತ್ತು ರಷ್ಯಾದ ಯೆವ್ಗೆನಿ ಜಮ್ಯಾತಿನ್ ಬರೆದ, 1924ರಲ್ಲಿ ಮೊದಲು ಇಂಗ್ಲಿಷಿನಲ್ಲಿ ಪ್ರಕಟವಾದ ‘ವಿ’, ಅಂದರೆ ‘ನಾವು’, ಎಂಬ ಕಾದಂಬರಿ. ಕಾರ್ಡಿನ ಮೇಲೆ ಒಂದೇ ವಾಕ್ಯ: ಕಲಿಯುಗವೇ ನಮ್ಮ ಡಿಸ್ಟೋಪಿಯ. ಈ ಮಾತನ್ನು ಈಗ ಎಲ್ಲರೂ ಆಡುತ್ತಾರೆ, ಮೇಲ್ನೋಟಕ್ಕೆ ಸರಿಯಾಗಿಯೂ ಕಾಣುತ್ತದೆ. ಹಣವೊಂದೇ ಕುಲಕ್ಕೂ ನಡತೆಗೂ ಗುಣಕ್ಕೂ ಅಳತೆಗೋಲಾಗುತ್ತದೆ, ಜನಿವಾರವೊಂದೇ ಬ್ರಾಹ್ಮಣ್ಯದ ಗುರುತಾಗುತ್ತದೆ, ಬರ ಮತ್ತು ಕಂದಾಯಗಳಿಂದ ನಲುಗಿದ ಜನ ಊರು ಬಿಟ್ಟು ಕಾಡು ಬೆಟ್ಟ ಸೇರಿ ಸೊಪ್ಪು ಗೆಡ್ಡೆ ತಿಂದು ಬದುಕುತ್ತಾರೆ ಎಂದು ಭಾಗವತ ಹೇಳುವಾಗ, ಇದು ನಾಳಿನ ಕಾದಂಬರಿಯ ಪುಟದಂತೆಯೇ ಇದೆ. ಆದರೂ ಈ ಜೋಡಣೆ ತಪ್ಪು ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

ಕಾರಣ ಜಮ್ಯಾತಿನ್ ಕಾದಂಬರಿಯಲ್ಲೇ ಇದೆ. ಅಲ್ಲಿ ಜನರಿಗೆ ಹೆಸರಿಲ್ಲ, ಸಂಖ್ಯೆ ಇದೆ, ಗೋಡೆಗಳು ಗಾಜಿನವು, ಏಳುವ ಉಣ್ಣುವ ನಡೆಯುವ ಗಳಿಗೆಗಳನ್ನೂ ರಾಜ್ಯ ಗೊತ್ತು ಮಾಡಿದೆ. ಆರ್-13 ಎಂಬ ಕವಿ ಕಥಾನಾಯಕ ಡಿ-503ಗೆ ಈಡನ್ ತೋಟದ ಕಥೆಯನ್ನು ಹೊಸದಾಗಿ ಹೇಳುತ್ತಾನೆ. ಆದಿಯ ಆ ಇಬ್ಬರ ಮುಂದೆ ಎರಡು ದಾರಿಗಳಿದ್ದವು, ಸ್ವಾತಂತ್ರ್ಯವಿಲ್ಲದ ಸುಖ ಅಥವಾ ಸುಖವಿಲ್ಲದ ಸ್ವಾತಂತ್ರ್ಯ. ಅವರು ಎರಡನೆಯದನ್ನು ಆರಿಸಿಕೊಂಡು ಕೆಟ್ಟರು, ನಾವು ಮೊದಲನೆಯದನ್ನು ಮರಳಿ ಗಳಿಸಿದ್ದೇವೆ ಎಂಬುದು ಅವನ ಹೆಮ್ಮೆ. ಅಂದರೆ ಆ ರಾಜ್ಯ ತನ್ನನ್ನು ತಾನು ಕಲಿಯುಗವೆಂದು ಎಂದೂ ಕರೆದುಕೊಳ್ಳುವುದಿಲ್ಲ. ತಾನೇ ಕೃತಯುಗ, ಕಳೆದುಹೋದ ಸ್ವರ್ಗ ತನ್ನಿಂದಲೇ ಮರಳಿ ಬಂದಿತು ಎನ್ನುತ್ತದೆ. ಗಿಲಿಯಡ್ ಹೇಳುವುದೂ ಅದನ್ನೇ. ಏಕಚಕ್ರದವರು ಹೇಳಿದ್ದೂ ಅದನ್ನೇ: ನಮಗೆ ಪರಸೈನ್ಯದ ಭಯವಿಲ್ಲ. ಶಂಬೂಕನ ತಲೆ ಉರುಳಿದ್ದು ನಾವು ಇಂದಿಗೂ ಒಳ್ಳೆಯ ಆಡಳಿತಕ್ಕೆ ಹೆಸರಾಗಿ ಬಳಸುವ ರಾಮರಾಜ್ಯದಲ್ಲಿ. ಡಿಸ್ಟೋಪಿಯದ ಬರಹಗಾರರಿಗೆ ಪುರಾಣದಿಂದ ಸಿಗಬಹುದಾದ ದೊಡ್ಡ ಸಂಪತ್ತು ಇರುವುದು ಪ್ರಳಯದ ಕಥೆಗಳಲ್ಲಿ ಅಲ್ಲ, ಸುಖವಾಗಿರುವ ನಗರಗಳ ಕಥೆಗಳಲ್ಲಿ. ಆ ಸುಖದ ಬಾಡಿಗೆಯನ್ನು ಯಾರು ಕಟ್ಟುತ್ತಿದ್ದಾರೆ ಎಂಬುದನ್ನು ಹಳೆಯ ಕಥೆಗಾರರು ಮುಚ್ಚಿಡದೆ ಬರೆದಿದ್ದಾರೆ.

ಕಲಿಯುಗದ ಕಥೆಯಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಕೇಡು ಕಾಲದಿಂದ ಬರುತ್ತದೆ, ಹಣ್ಣು ಕೊಳೆಯುವಂತೆ, ಯಾರೂ ಹೊಣೆಗಾರರಲ್ಲ. ಕಲಿಗಾಲ ಕಣಪ್ಪಾ ಎಂದು ನಿಟ್ಟುಸಿರು ಬಿಟ್ಟರೆ ಮಾತು ಮುಗಿಯಿತು. ಆದರೆ ಮಹಾಭಾರತವೇ ಇದಕ್ಕೆ ಎದುರು ಮಾತನ್ನು ಇಟ್ಟುಕೊಂಡಿದೆ. ಶಾಂತಿಪರ್ವದಲ್ಲಿ ಭೀಷ್ಮ, ಕಾಲವು ರಾಜನನ್ನು ಮಾಡುತ್ತದೆಯೋ ರಾಜನು ಕಾಲವನ್ನು ಮಾಡುತ್ತಾನೆಯೋ ಎಂಬ ಸಂಶಯವೇ ಬೇಡ, ರಾಜಾ ಕಾಲಸ್ಯ ಕಾರಣಂ ಎಂದು ಧರ್ಮರಾಯನಿಗೆ ಹೇಳುತ್ತಾನೆ. ದಂಡನೀತಿಯನ್ನು ಪೂರ್ತಿಯಾಗಿ ನಡೆಸಿದರೆ ಕೃತಯುಗ, ಕೈಬಿಟ್ಟು ಪ್ರಜೆಗಳನ್ನು ಪೀಡಿಸಿದರೆ ಕಲಿಯುಗ. ಯುಗವೆಂಬುದು ಆಡಳಿತದ ಫಲ. ಜಮ್ಯಾತಿನ್ ಪಕ್ಕದಲ್ಲಿ ಇಡಬೇಕಾದದ್ದು ಈ ಅಧ್ಯಾಯ. ಗ್ರಂಥಾಲಯದಲ್ಲಿ ಸಲಹೆ ಬರೆಯಲು ಉದ್ದನೆಯ ರಿಜಿಸ್ಟರ್ ಇದೆ. ಅದರಲ್ಲಿ ಒಂದೂವರೆ ಪುಟ ಬರೆದು ಬಂದೆ. ಮುಂದಿನ ತಿಂಗಳು ಹೋದಾಗ ಆ ಚೀಲದ ಕಾರ್ಡು ಬದಲಾಗಿತ್ತು. ಹಳೆಯ ವಾಕ್ಯದ ಕೆಳಗೆ ಭೀಷ್ಮನ ಮಾತನ್ನು ಸೇರಿಸಿ, ಯಾವುದು ಸರಿ, ಓದುಗರೇ ಹೇಳಿ ಎಂದು ಬರೆದಿದ್ದರು. ಉದುರಿದ ಪುಟಗಳನ್ನು ಮರೆತ ಅದೇ ಜನ ಒಬ್ಬ ಓದುಗನ ವಾದವನ್ನು ಇಷ್ಟು ಬೇಗ ಕಿವಿಗೆ ಹಾಕಿಕೊಂಡರು ಎಂಬುದನ್ನೂ ನಾನು ಇಲ್ಲಿ ದಾಖಲಿಸಬೇಕು.

ತಿಂಗಳ ಕೊನೆಯ ಶನಿವಾರ ಸಂಜೆ ಒಳಕೋಣೆಯಲ್ಲಿ ಚರ್ಚೆ ನಡೆಯುತ್ತದೆ, ಸದಸ್ಯರಿಗೆ ಉಚಿತ. ಬರುವವರು ಹತ್ತು ಹನ್ನೆರಡು ಜನ, ಹೆಚ್ಚಿನವರು ಮಾನಸಗಂಗೋತ್ರಿಯ ವಿದ್ಯಾರ್ಥಿಗಳು. ನಾನು ಹೋದ ಒಂದು ಸಂಜೆ ಮಾತು 2024ರಲ್ಲಿ ಬಂದ ‘ಕಲ್ಕಿ 2898 ಎಡಿ’ ಚಿತ್ರದ ಕಡೆ ಹೊರಳಿತು. ಅದರಲ್ಲಿ ಅಶ್ವತ್ಥಾಮ ಆಯುಧ ಹಿಡಿದು ನಿಲ್ಲುವ ರಕ್ಷಕ. ಸೌಪ್ತಿಕಪರ್ವದ ಅಶ್ವತ್ಥಾಮ ಬೇರೆಯೇ: ಹಸುಗೂಸನ್ನು ಗರ್ಭದಲ್ಲೇ ಕೊಲ್ಲಲು ಅಸ್ತ್ರ ಬಿಟ್ಟವನು, ಕೀವು ನೆತ್ತರಿನ ವಾಸನೆ ಹೊತ್ತು, ಮಾತಾಡಲು ಒಬ್ಬರಿಲ್ಲದೆ, 3,000 ವರ್ಷ ಅಲೆಯೆಂದು ಕೃಷ್ಣನಿಂದ ಶಾಪ ಪಡೆದವನು. ಗರ್ಭವನ್ನು ಕೊಲ್ಲಲು ಹೋದವನೇ ಗರ್ಭವನ್ನು ಕಾಯಬೇಕಾಗಿ ಬಂದದ್ದು ಒಳ್ಳೆಯ ಕಲ್ಪನೆಯೇ. ಆದರೆ ಸಾವಿಲ್ಲದಿರುವುದೇ ಶಿಕ್ಷೆ ಎಂಬ ಮೂಲದ ಭಯಂಕರ ವಿಚಾರ ಹೊಡೆದಾಟದ ಗದ್ದಲದಲ್ಲಿ ಮರೆಯಾಯಿತು ಎಂದು ಒಬ್ಬ ಹುಡುಗಿ ಹೇಳಿದಳು. ನನಗೂ ಹಾಗೆಯೇ ಅನ್ನಿಸಿತ್ತು. ಚರ್ಚೆ ಎರಡು ಗಂಟೆ ನಡೆಯಿತು, ಯಾರೂ ಯಾರ ಮಾತನ್ನೂ ಕತ್ತರಿಸಲಿಲ್ಲ.

ಐದು ಮತ್ತು ಆರನೆಯ ಚೀಲಗಳು ಸಾಧಾರಣ. ಅವುಗಳ ಬಗ್ಗೆ ಬರೆಯುವುದಕ್ಕಿಂತ, ಆ ಕಪಾಟಿನಲ್ಲಿ ಇಲ್ಲದಿರುವುದರ ಬಗ್ಗೆ ಬರೆಯುವುದು ಹೆಚ್ಚು ಉಪಯುಕ್ತ. ಮೈಸೂರಿನಲ್ಲಿ ಕುಳಿತು ಪುರಾಣವೆಂದರೆ ಸಂಸ್ಕೃತ ಮತ್ತು ಗ್ರೀಕ್ ಎಂದಷ್ಟೇ ಎಣಿಸುವುದು ಸರಿಯಲ್ಲ. ನಮ್ಮ ಮಳವಳ್ಳಿ ಸೀಮೆಯಲ್ಲಿ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಹಲಗೂರಿನ ಕಥೆಯಿದೆ. ಗುರುವಿಗೆ ಕಬ್ಬಿಣದ ಭಿಕ್ಷೆ ತರಲು ಹೋದ ಸಿದ್ದಪ್ಪಾಜಿಗೆ ಅಲ್ಲಿನ ಪಾಂಚಾಳರು, ಅಂದರೆ ಕಮ್ಮಾರರು, ಕಬ್ಬಿಣ ಕೊಡಲೊಲ್ಲದೆ ಪರೀಕ್ಷೆಯ ಮೇಲೆ ಪರೀಕ್ಷೆ ಒಡ್ಡಿ ಹಿಂಸಿಸುತ್ತಾರೆ. ಲೋಹವೂ ಅದನ್ನು ಕರಗಿಸುವ ವಿದ್ಯೆಯೂ ಒಂದೇ ಊರಿನ ಕೈಯಲ್ಲಿ ಸೇರಿಕೊಂಡಾಗ ಬೇಡಿ ಬಂದವನ ಮೈ ಏನೇನು ಅನುಭವಿಸುತ್ತದೆ ಎಂಬುದನ್ನು ಇಷ್ಟು ನೇರವಾಗಿ ಹೇಳುವ ಕಥೆ ಯಂತ್ರಯುಗದ ಯಾವ ಕಾದಂಬರಿಯ ಪಕ್ಕದಲ್ಲೂ ತಲೆಯೆತ್ತಿ ನಿಲ್ಲುತ್ತದೆ. ಚಿಕ್ಕವನಾಗಿದ್ದಾಗ ಅಜ್ಜಿಯ ಸೆರಗು ಹೊದ್ದು, ಚಿಕ್ಕಲ್ಲೂರಿನ ಜಾತ್ರೆಯ ಚಳಿಯಲ್ಲಿ ಇದನ್ನು ಕೇಳುತ್ತಾ, ಸಿದ್ದಪ್ಪಾಜಿ ಬದುಕುತ್ತಾನೋ ಇಲ್ಲವೋ ಎಂದು ಹೆದರಿ ಎಚ್ಚರವಾಗಿ ಕುಳಿತಿದ್ದೆ. ಅದೇ ಪರಂಪರೆಯ ಕಾಲಜ್ಞಾನದ ಸಾಹಿತ್ಯ ಮುಂದೆ ಬರುವ ಕೇಡನ್ನೇ ಕುರಿತು ಮಾತಾಡುತ್ತದೆ; ಅದರ ಒಂದು ಹಾಳೆಯೂ ಇವರ ಬಳಿ ಇಲ್ಲ.

ತಲಕಾಡಿನ ಶಾಪವೂ ಇಲ್ಲ. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಎಂದು ಅಲಮೇಲಮ್ಮ ಕಾವೇರಿಗೆ ಹಾರಿದ ಕಥೆ ಈ ಜಿಲ್ಲೆಯ ಮಕ್ಕಳಿಗೂ ಗೊತ್ತು. ದೇವಾಲಯಗಳನ್ನು ನುಂಗಿದ ಆ ಮರಳಿಗೆ ಹತ್ತಿರದಲ್ಲಿ ಕಟ್ಟಿದ ಹಳೆಯ ಅಣೆಕಟ್ಟು ನದಿಯ ಹರಿವನ್ನು ಬದಲಿಸಿದ್ದೇ ಕಾರಣವಿರಬೇಕು ಎಂದು ವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯ ವಾದಿಸಿದ್ದಾರೆ. ಮನುಷ್ಯರೇ ಮಾಡಿಕೊಂಡ ಪರಿಸರದ ಅನಾಹುತವನ್ನು ಜನ ಒಬ್ಬ ನೊಂದ ಹೆಣ್ಣಿನ ಶಾಪವಾಗಿ ನೆನಪಿಟ್ಟುಕೊಂಡಿದ್ದರೆ, ಆ ನೆನಪಿನಲ್ಲಿ ಹೊಣೆ ಮಾತ್ರ ಸರಿಯಾದ ಬಾಗಿಲಿಗೇ, ಅರಮನೆಯ ಬಾಗಿಲಿಗೇ, ಹೋಗಿ ಮುಟ್ಟಿದೆ. ಹವಾಮಾನ ಕೆಟ್ಟ ಲೋಕದ ಕಾದಂಬರಿಗಳು ಇವರ ಬಳಿ ಅರ್ಧ ಕಪಾಟು ತುಂಬ ಇವೆ. ಅವುಗಳ ಜೋಡಿ ಇಲ್ಲಿಂದ ಬಸ್ಸಿನ ದೂರದಲ್ಲಿದೆ.

ಸೇರಬಯಸುವವರಿಗೆ ಇನ್ನೆರಡು ಮಾತು. ಗ್ರಂಥಾಲಯ ಮಧ್ಯಾಹ್ನ 3ರಿಂದ ರಾತ್ರಿ 8ರವರೆಗೆ ತೆರೆದಿರುತ್ತದೆ, ಸೋಮವಾರ ರಜೆ. ತಡವಾದರೆ ದಿನಕ್ಕೆ 5 ರೂಪಾಯಿ ದಂಡ, ಆದರೆ ದಪ್ಪ ಪುಸ್ತಕ ಬಂದ ತಿಂಗಳಲ್ಲಿ ಮೊದಲೇ ಕೇಳಿದರೆ ಒಂದು ವಾರ ಹೆಚ್ಚು ಕೊಡುತ್ತಾರೆ. ಇಂಗ್ಲಿಷ್ ಓದಲು ಆಗದವರು ಸಾರಾಂಶವನ್ನೇ ನಂಬಿಕೊಂಡು ಸೇರಬೇಡಿ. ನಾಲ್ಕು ಪುಟ ಸಾಲದು, ಕನ್ನಡದಲ್ಲಿ ಪೂರ್ತಿ ಸಿಗುವ ಕೃತಿಗಳನ್ನು ಹುಡುಕಿ ಸೇರಿಸುವ ಕೆಲಸವನ್ನು ಅವರು ಇನ್ನೂ ಮಾಡಬೇಕಾಗಿದೆ. ಚೀಲವನ್ನು ಅಲ್ಲಿಯೇ ಬಿಚ್ಚಿ, ಪುಟಗಳನ್ನು ಎಣಿಸಿ ತೆಗೆದುಕೊಳ್ಳಿ.

ನಾನು ಇನ್ನೊಂದು ಆರು ತಿಂಗಳಿಗೆ ಹಣ ಕಟ್ಟಿದ್ದೇನೆ. ಕಳೆದ ಶನಿವಾರ ಮಂಟೇಸ್ವಾಮಿ ಕಾವ್ಯದ ನನ್ನ ಸ್ವಂತ ಪ್ರತಿಯನ್ನು, ಹಲಗೂರಿನ ಭಾಗಕ್ಕೆ ದಾರ ಇಟ್ಟು, ಅವರ ಮೇಜಿನ ಮೇಲೆ ಇಟ್ಟು ಬಂದೆ. ಅದಕ್ಕೆ ಜೋಡಿಯಾಗಿ ಯಾವ ಪುಸ್ತಕ ಬರುತ್ತದೆ ಎಂದು ಕಾಯುತ್ತಿದ್ದೇನೆ.